ಮೂರನೇ ಮೆಟ್ಟಿಲೋ, ನಾಲ್ಕನೆಯದೋ?

ಮೇಲ್ಮನವಿ ಪತ್ರಗಳಿಗೆಲ್ಲ ಮಂಗಳಶ್ಲೋಕ ಒಂದೇ. ಕೊಲೆಯಾಗಲಿ, ಗದ್ದೆ ಬದುವಾಗಲಿ, ಗಂಡ ಹೆಂಡಿರ ಜಗಳವಾಗಲಿ, ಮೊದಲ ಕಾರಣ ಹೀಗೇ ಇರುತ್ತದೆ: "ಅಧೀನ ನ್ಯಾಯಾಲಯದ ತೀರ್ಪು ಕಾನೂನಿಗೂ ವಾಸ್ತವಾಂಶಗಳಿಗೂ ಪ್ರಕರಣದ ಸಂಭಾವ್ಯತೆಗಳಿಗೂ ವಿರುದ್ಧವಾಗಿದ್ದು ರದ್ದುಗೊಳ್ಳಲು ಅರ್ಹವಾಗಿದೆ." ಈ ಸಾಲನ್ನು ಯಾರೂ ಹೇಳಿ ಬರೆಸಬೇಕಿಲ್ಲ. ಕೋರ್ಟ್ ಎದುರಿನ ಟೈಪಿಸ್ಟ್ ಗಣಪತಿಗೆ ಕೈಮುಗಿದ ಹಾಗೆ ತಾನೇ ಹೊಡೆದುಬಿಡುತ್ತಾನೆ. ತೀರ್ಪು ಓದುವ ಮೊದಲೇ ಅದು ತಪ್ಪೆಂದು ತಿಳಿದಿರುವ ಜ್ಞಾನಿ ಅವನೊಬ್ಬನೇ.

ಅಂಥದ್ದೊಂದು ಮೇಲ್ಮನವಿಯನ್ನು ಈ ವಾರ ನಾನೇ ಕಟ್ಟಿದ್ದೇನೆ. ಊರು, ಪಾರ್ಕು, ಹುಡುಗ, ವಕೀಲರು ಎಲ್ಲವೂ ಕಲ್ಪನೆ. ಕೊಳ್ಳೇಗಾಲದವರು ಓದಿ "ಇದು ಹನೂರಿನದು" ಎನ್ನಲಿ, ಹನೂರಿನವರು "ಯಳಂದೂರಿನದು" ಎನ್ನಲಿ, ಯಳಂದೂರಿನವರು ಕೊಳ್ಳೇಗಾಲದ ಕಡೆಗೆ ಕೈ ತೋರಿಸಲಿ. ಜವಾಬ್ದಾರಿ ಹಂಚಿಕೊಳ್ಳುವ ನಮ್ಮ ಕ್ರಮವೇ ಅದು. ಇದರಲ್ಲಿ ಬರುವ ಕಾಯ್ದೆಗಳೂ ಹಳೆಯ ತೀರ್ಪುಗಳೂ ಮಾತ್ರ ಅಸಲಿ. ಅವನ್ನು ಕಲ್ಪಿಸುವಷ್ಟು ಪ್ರತಿಭೆ ನನಗಿಲ್ಲ.

ಪಾರ್ಕಿನ ಮೂಲೆಯಲ್ಲಿ ಒಂದು ಕಬ್ಬಿಣದ ಜಾರುಬಂಡೆ. ಆರು ಮೆಟ್ಟಿಲು. ಅದರಲ್ಲೊಂದರ ವೆಲ್ಡಿಂಗ್ ಒಂದು ಕಡೆ ಬಿಟ್ಟಿದೆ, ಕಂಬಿ ಕಟ್ಟುವ ಬೈಂಡಿಂಗ್ ವೈರಿನಲ್ಲಿ ಯಾರೋ ಪುಣ್ಯಾತ್ಮರು ನಾಲ್ಕು ಸುತ್ತು ಸುತ್ತಿದ್ದಾರೆ. ಜಾರುವ ತಗಡು ನಡುವೆ ಬೆಳ್ಳಗೆ ಹೊಳೆಯುತ್ತದೆ, ಐಕ್ಳ ಚಡ್ಡಿ ಉಜ್ಜಿ ಉಜ್ಜಿ. ಅಂಚಿನಲ್ಲಿ ತುಕ್ಕು ಹಿಡಿದು, ಬಿಸಿಲಿಗೆ ಬಾಡಿದ ಬಾಳೆಲೆಯ ತುದಿಯ ಹಾಗೆ ಮೇಲಕ್ಕೆ ಸುರುಳಿ ಎದ್ದಿದೆ. ಕೆಳಗೆ ಮರಳು ಇರಬೇಕಾದ ಜಾಗದಲ್ಲಿ ಕಾಂಕ್ರೀಟು. ಮೊದಲು ಮರಳು ಹಾಕಿದ್ದರಂತೆ. ಮರಳಿನ ಈಗಿನ ರೇಟು ಗೊತ್ತಿರುವವರು ಯಾರಾದರೂ ಅದನ್ನು ಪಾರ್ಕಿನಲ್ಲಿ ಬಿಡುತ್ತಾರೆಯೇ? ಪಕ್ಕದಲ್ಲೇ ಉದ್ಘಾಟನೆಯ ಫಲಕ. ಕರಿಕಲ್ಲಿಗೆ ಹೆಸರಾದ ಜಿಲ್ಲೆ ನಮ್ಮದು, ಫಲಕಕ್ಕೆ ಹಾಕಿದ್ದು ಅಸಲಿ ಮಾಲು. ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ ಎಂದು ಹದಿನಾಲ್ಕು ಹೆಸರು. ಒಂದಕ್ಷರವೂ ಅಳಿಸಿಲ್ಲ, ಒಂದು ಮೂಲೆಯೂ ಮುಕ್ಕಾಗಿಲ್ಲ. ಫಲಕ ಮಾಡಿದವನಿಗೇ ಜಾರುಬಂಡೆಯ ಗುತ್ತಿಗೆಯನ್ನೂ ಕೊಟ್ಟಿದ್ದರೆ ನನಗೆ ಈ ವಾರ ಬರೆಯಲು ವಿಷಯವೇ ಇರುತ್ತಿರಲಿಲ್ಲ.

ಆರು ವರ್ಷದ ಹುಡುಗನೊಬ್ಬ ಹತ್ತಿದ, ಮೆಟ್ಟಿಲು ಕಿತ್ತುಕೊಂಡಿತು, ಕಾಂಕ್ರೀಟಿಗೆ ಬಿದ್ದ, ಮೊಣಕೈ ಮುರಿಯಿತು, ಮುರಿದದ್ದು ಸೊಟ್ಟಗೆ ಕೂಡಿತು. ಡಾಕ್ಟರು ಶೇಕಡಾ 20 ಶಾಶ್ವತ ಅಂಗವೈಕಲ್ಯ ಎಂದು ಬರೆದುಕೊಟ್ಟರು. ಅಪ್ಪ ವಾದಮಿತ್ರನಾಗಿ ದಾವೆ ಹೂಡಿದ. ಕೆಳ ನ್ಯಾಯಾಲಯ ಇಬ್ಬರು ಮಕ್ಕಳ ಸಾಕ್ಷಿಯನ್ನು ನಂಬಿ, ಪಾರ್ಕಿನ ಒಡೆತನದ ಸ್ಥಳೀಯ ಸಂಸ್ಥೆಯ ನಿರ್ಲಕ್ಷ್ಯ ರುಜುವಾತಾಗಿದೆ ಎಂದು ಹೇಳಿ ಪರಿಹಾರ ಕೊಡಿಸಿತು. ಸಂಸ್ಥೆ ಮೇಲ್ಮನವಿ ಹಾಕಿತು. ವೆಲ್ಡಿಂಗಿಗೆ ದುಡ್ಡಿರಲಿಲ್ಲ, ವಕೀಲರಿಗಿತ್ತು.

ಆ ಹುಡುಗ ಮಾಡಿದ ಮೊದಲ ತಪ್ಪು ಪಾರ್ಕಿನೊಳಗೆ ಬಿದ್ದದ್ದು. ಗೇಟಿನಾಚೆ ರಸ್ತೆಯಲ್ಲಿ ಲಗೇಜ್ ಆಟೋ ಗುದ್ದಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿ ಇತ್ತು, ಇನ್ಶೂರೆನ್ಸ್ ಕಂಪನಿ ಇತ್ತು. ನಮ್ಮ ರಾಜ್ಯದಿಂದಲೇ ಹೋಗಿದ್ದ ಮಲ್ಲಿಕಾರ್ಜುನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಮಕ್ಕಳಿಗೆಂದೇ ಒಂದು ರೇಟ್ ಕಾರ್ಡು ಹಾಕಿಕೊಟ್ಟಿದೆ: ವಾಹನ ಅಪಘಾತದಲ್ಲಿ ಶೇಕಡಾ 10ರವರೆಗಿನ ಊನಕ್ಕೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4, 90ರವರೆಗೆ 5, ಅದರ ಮೇಲೆ 6 ಲಕ್ಷ. ಜಾರುಬಂಡೆಗೆ ನಂಬರ್ ಪ್ಲೇಟ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಕಾಲಕಾಲಕ್ಕೆ ಎಫ್‌ಸಿ ಮಾಡಿಸುವವರಿಲ್ಲ. ಅದರ ಮೇಲಿಂದ ಬಿದ್ದವರು ಸಿವಿಲ್ ಕೋರ್ಟಿಗೆ ಹೋಗಿ, ಕೋರ್ಟ್ ಫೀ ಕಟ್ಟಿ, ಕರ್ತವ್ಯವಿತ್ತು, ಕರ್ತವ್ಯ ತಪ್ಪಿದರು, ತಪ್ಪಿದ್ದರಿಂದಲೇ ಮೂಳೆ ಮುರಿಯಿತು ಎಂದು ಮೂರು ಗಂಟನ್ನೂ ಒಂದೊಂದಾಗಿ ಬಿಚ್ಚಿ ತೋರಿಸಬೇಕು. ತಂದೆತಾಯಿಗಳಿಗೆ ನನ್ನದೊಂದು ಸಲಹೆ: ಬೀಳಲೇಬೇಕೆಂದಿದ್ದರೆ ರಸ್ತೆಯಲ್ಲೇ ಬೀಳಬೇಕು, ಆದಷ್ಟೂ ಇನ್ಶೂರೆನ್ಸ್ ಚಾಲ್ತಿಯಲ್ಲಿರುವ ಗಾಡಿ ನೋಡಿ, ಎಂದು ಮಕ್ಕಳಿಗೆ ಹೇಳಿಕೊಡಿ.

ಇನ್ನು ಸಾಕ್ಷಿಗಳು.

ಕಾನೂನು ಮಕ್ಕಳನ್ನು ಸಾಕ್ಷಿಕಟ್ಟೆಯಿಂದ ದೂರ ಇಟ್ಟಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 118ನೇ ಕಲಮೂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಮೂ ಹೇಳುವುದಿಷ್ಟೇ: ಕೇಳಿದ ಪ್ರಶ್ನೆ ಅರ್ಥವಾಗಿ, ಅದಕ್ಕೆ ತಕ್ಕ ಉತ್ತರ ಕೊಡಬಲ್ಲವರು ಯಾರೇ ಆದರೂ ಸಾಕ್ಷಿಯಾಗಬಹುದು. ಈ ಅಳತೆಗೋಲನ್ನು ದೊಡ್ಡವರಿಗೂ ಕಟ್ಟುನಿಟ್ಟಾಗಿ ಹಿಡಿದರೆ ಕಚೇರಿಗಳಲ್ಲಿ ಎಷ್ಟು ಮಂದಿ ಉಳಿಯುತ್ತಾರೋ ನೋಡಬೇಕು. 1969ರ ಪ್ರಮಾಣವಚನ ಕಾಯ್ದೆ ಇನ್ನೂ ಸೊಗಸು. ಹನ್ನೆರಡು ತುಂಬದ ಮಗುವಿಗೆ ನಿಜ ಹೇಳಬೇಕು ಎಂಬುದು ಗೊತ್ತಿದ್ದು, ಪ್ರಮಾಣವೆಂದರೆ ಏನೆಂದು ಮಾತ್ರ ತಿಳಿಯದಿದ್ದರೆ, ಪ್ರಮಾಣವಿಲ್ಲದೆಯೇ ಸಾಕ್ಷಿ ಹೇಳಿಸಬಹುದು. ದೊಡ್ಡವರ ಪಾಡು ಇದರ ತಿರುಗಾಮುರುಗಾ. ಪ್ರಮಾಣವೆಂದರೆ ಏನೆಂದು ನಮಗೆ ಚೆನ್ನಾಗಿ ಗೊತ್ತು, ಮರೆತಿರುವುದು ಇನ್ನೊಂದನ್ನು.

ಪ್ರಮಾಣಕ್ಕೆ ನಮ್ಮ ಸೀಮೆಯಲ್ಲಿ ಕೋರ್ಟಿಗಿಂತ ಎತ್ತರದ ಕಟ್ಟೆಯೊಂದಿದೆ, ಕೊಳ್ಳೇಗಾಲದಿಂದ ಸುಮಾರು 80 ಕಿಲೋಮೀಟರು, ಹನೂರು ದಾಟಿ, ತಾಳಬೆಟ್ಟ ಹತ್ತಿದರೆ ಸಿಗುವ ಮಾದಪ್ಪನ ಗುಡಿ. ಕೋರ್ಟಿನಲ್ಲಿ ದೇವರ ಮೇಲೆ ಪ್ರಮಾಣ ಮಾಡಿಸುವಾಗ ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಹೆಸರಿಲ್ಲದ ಆ ದೇವರ ಮೇಲೆ ಎಷ್ಟು ಆಣೆ ಬೇಕಾದರೂ ಇಡಬಹುದು, ಬಡ್ಡಿ ಬೀಳುವುದಿಲ್ಲ. "ಎಲ್ಲಿ, ಮಾದಪ್ಪನಾಣೆಗೂ ಅನ್ನು ನೋಡಾನ" ಎಂದರೆ ಎತ್ತಿದ ಕೈ ಇಳಿಯುತ್ತದೆ. ಆ ಮಾದಪ್ಪನ ಕಾವ್ಯದಲ್ಲೇ ಸಂಕಮ್ಮ ಬರುತ್ತಾಳಲ್ಲ, ಕಾಡಿಗೆ ಹೊರಟ ಗಂಡ ನೀಲೇಗೌಡ ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಭಾಷೆ ಕೊಡು ಎಂದು ಹಟ ಹಿಡಿದಾಗ, ಹಿಂಸೆ ಉಂಡಳೇ ಹೊರತು ಭಾಷೆ ಕೊಡಲಿಲ್ಲ. ಮಾದಪ್ಪ ನಿಂತದ್ದು ಆಣೆ ಇಡದ ಹೆಂಗಸಿನ ಪಕ್ಕ. ಈ ತೀರ್ಪನ್ನು ನಮ್ಮ ಯಾವ ನ್ಯಾಯಾಲಯವೂ ಇನ್ನೂ ಪೂರ್ವನಿದರ್ಶನವೆಂದು ಒಪ್ಪಿಕೊಂಡಿಲ್ಲ.

ಮೊದಲ ಸಾಕ್ಷಿ ಒಂಬತ್ತು ವರ್ಷದ ಹೈದ. ಪಾಟೀಸವಾಲು ಹೀಗೆ ಸಾಗಿತು.

"ಮೆಟ್ಟಿಲು ಕಿತ್ತುಕೊಂಡಿತು ಅಂತೀಯಲ್ಲ, ಆಗ ನೀನು ಎಷ್ಟು ದೂರದಲ್ಲಿದ್ದೆ?"

"ಅಲ್ಲೇ ಇದ್ದಿ ಸಾ."

"ಅಲ್ಲೇ ಅಂದರೆ ಎಷ್ಟು ಮೀಟರ್?"

"ಗೋಲಿ ಹೊಡುದ್ರೆ ಸಿಕ್ಕೋವಷ್ಟು."

"ಎಷ್ಟನೇ ಮೆಟ್ಟಿಲು?"

"ಮೂರ್ನೇದು."

"ಯೋಚನೆ ಮಾಡಿ ಹೇಳಪ್ಪ."

"ಮೂರ್ನೇದೇ ಸಾ. ಅದು ಮೊದ್ಲಿಂದ್ಲೂ ಅಳ್ಳಾಡ್ತಿತ್ತು. ನಾವೆಲ್ಲ ಅದ್ನ ಬುಟ್ಟು ದಾಟ್ಕಂಡು ಹತ್ತೋವು. ಅಂವ ಹೊಸ್ಬ, ಅವ್ನಿಗೆ ಗೊತ್ತಿರ್ನಿಲ್ಲ."

ವಕೀಲರ ಮುಖ ಅರಳಿತು. "ಅಲ್ಲಾಡುತ್ತಿದ್ದದ್ದು ನಿನಗೆ ಗೊತ್ತಿತ್ತು. ಹಾಗಾದರೆ ಅದರ ಬಗ್ಗೆ ಕಚೇರಿಗೆ ಲಿಖಿತ ದೂರು ಕೊಟ್ಟಿದ್ದೀಯಾ?"

"ಇಲ್ಲ ಸಾ."

"ಯಾಕೆ ಕೊಡಲಿಲ್ಲ?"

"ನಂಗಾಗ ಒತ್ತಕ್ಸರ ಬತ್ತಿರ್ನಿಲ್ಲ."

ಪರೀಕ್ಷೆ ಮಾಡಿ ಅಪಾಯವೆಂದು ಕಂಡುಕೊಂಡವರು, ಆ ಮೆಟ್ಟಿಲನ್ನು ಬಳಕೆಯಿಂದ ತೆಗೆದುಹಾಕಿದವರು, ಹೊಸಬರಿಗೆ ಹೇಳಬೇಕಿತ್ತಲ್ಲ ಎಂದು ನೊಂದವರು, ಈ ಮೂರೂ ಕೆಲಸ ಮಾಡಿದವರು ಊರಿನಲ್ಲಿ ಗೋಲಿ ಆಡುವ ಐಕ್ಳು ಮಾತ್ರ. ಸಂಬಳ ಪಡೆಯುವವರು ಮಾಡಬೇಕಾದ ಪಟ್ಟಿಯಲ್ಲಿದ್ದದ್ದೂ ಇವೇ ಮೂರು. ಮೇಲ್ಮನವಿಯಲ್ಲಿ ಇದು ಹೀಗೆ ಬಂತು: "ಸಾಕ್ಷಿಯು ಅಪಾಯವನ್ನು ಅರಿತಿದ್ದೂ ಸಕ್ಷಮ ಪ್ರಾಧಿಕಾರದ ಗಮನಕ್ಕೆ ತಾರದೆ ತಾನೇ ನಿರ್ಲಕ್ಷ್ಯ ತೋರಿರುತ್ತಾನೆ."

ಎರಡನೆಯ ಸಾಕ್ಷಿ ಹತ್ತು ವರ್ಷದ ಹುಡುಗಿ. ಆಕೆ ಮೇಲ್ಗಡೆ ಜಾರಲು ತನ್ನ ಸರದಿಗೆ ಕೂತಿದ್ದವಳು. ಕಿತ್ತದ್ದು ನಾಲ್ಕನೇ ಮೆಟ್ಟಿಲು ಎಂದಳು. ಆಹಾ, ಪರಸ್ಪರ ವಿರೋಧ! ವಕೀಲರು ಅಲ್ಲಿಗೇ ಪಾಟೀಸವಾಲು ಮುಗಿಸಿ ಕೂತರು. ಎಲ್ಲಿಂದ ಎಣಿಸಿದೆಯಮ್ಮ ಎಂದು ಕೇಳಿದರೆ ಬಂದ ಭಾಗ್ಯ ಹೋಗಿಬಿಡುತ್ತದೆ ಎಂಬ ವಿವೇಕ ಅನುಭವದಿಂದ ಬರುವಂಥದ್ದು. ಕೆಳ ನ್ಯಾಯಾಧೀಶರು ಮಾತ್ರ, ಪಾಪ, ಸಂಜೆ ಕೂತು ಲೆಕ್ಕ ಹಾಕಿದರು. ಆರು ಮೆಟ್ಟಿಲಿನ ಏಣಿಯಲ್ಲಿ ಕೆಳಗಿನಿಂದ ಮೂರನೆಯದೇ ಮೇಲಿನಿಂದ ನಾಲ್ಕನೆಯದು. ಹುಡುಗ ಕೆಳಗಿದ್ದ, ಹುಡುಗಿ ಮೇಲಿದ್ದಳು. ಇಬ್ಬರೂ ಅವರವರು ಇದ್ದ ಕಡೆಯಿಂದ ಎಣಿಸಿದ್ದಾರೆ, ಇಬ್ಬರೂ ನಿಜವಾಗಿ ಅಲ್ಲೇ ಇದ್ದರೆಂಬುದಕ್ಕೆ ಈ ವ್ಯತ್ಯಾಸವೇ ಪುರಾವೆ ಎಂದು ತೀರ್ಪಿನಲ್ಲಿ ಬರೆದರು.

ಮೇಲ್ಮನವಿಯ 9ನೇ ಕಾರಣ: ಸಾಕ್ಷಿಗಳು ಹೇಳದ ವಿವರಣೆಯನ್ನು ನ್ಯಾಯಾಧೀಶರು ತಾವೇ ಒದಗಿಸಿ, ದಾಖಲೆಯಲ್ಲಿಲ್ಲದ ಅಂಕಗಣಿತವನ್ನು ಅವಲಂಬಿಸಿರುತ್ತಾರೆ.

ಇನ್ನೆರಡು ಕಾರಣ ಓದಲೇಬೇಕು. 11ನೆಯದು: ಇಬ್ಬರ ಹೇಳಿಕೆಗಳಲ್ಲಿ ವ್ಯತ್ಯಾಸವಿರುವುದರಿಂದ ಅವು ನಂಬಲರ್ಹವಲ್ಲ. 12ನೆಯದು: ಉಳಿದ ಅಂಶಗಳಲ್ಲಿ ಇಬ್ಬರ ಹೇಳಿಕೆಗಳೂ ಒಂದೇ ರೀತಿ ಇರುವುದರಿಂದ ಅವು ಹೇಳಿಕೊಟ್ಟವು, ಆದ್ದರಿಂದ ನಂಬಲರ್ಹವಲ್ಲ. ಎರಡರ ನಡುವೆ ಮಗುವೊಂದು ಹೇಗೆ ಮಾತಾಡಿದರೆ ನಂಬಲು ಯೋಗ್ಯ ಎಂಬುದಕ್ಕೆ 13ನೆಯ ಕಾರಣದಲ್ಲಿ ಉತ್ತರ ಸಿಗುತ್ತದೆಂದು ಹುಡುಕಿದೆ. ಅದು ಬಡ್ಡಿದರದ ಬಗ್ಗೆ ಇತ್ತು.

ಹೇಳಿಕೊಡುವವರೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಬದುವಿನ ಜಗಳದಲ್ಲಿ ಏಳು ವರ್ಷದ ಕೂಸು ಎದ್ದು ನಿಂತು "ಅವಾಚ್ಯ ಶಬ್ದಗಳಿಂದ ನಿಂದಿಸಿ ಪ್ರಾಣಬೆದರಿಕೆ ಹಾಕಿರುತ್ತಾರೆ" ಎಂದರೆ, ಆ ಕೂಸಿನ ಹಿಂದೆ ಯಾರು ಕೂತಿದ್ದಾರೆಂದು ಹುಡುಕುವುದು ಸರಿಯೇ. ಹೇಳಿಕೊಟ್ಟ ಮಾತಿಗೆ ಯಾವಾಗಲೂ ಇಸ್ತ್ರಿ ಹಾಕಿರುತ್ತದೆ. "ಗೋಲಿ ಹೊಡುದ್ರೆ ಸಿಕ್ಕೋವಷ್ಟು" ಎಂಬುದನ್ನು ಯಾವ ವಕೀಲರ ಆಫೀಸಿನಲ್ಲೂ ಹೇಳಿಕೊಡುವುದಿಲ್ಲ. ಸುಪ್ರೀಂ ಕೋರ್ಟು 2025ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಬಲವೀರ್ ಸಿಂಗ್ ಪ್ರಕರಣದಲ್ಲಿ ಇದನ್ನೇ ವಿಸ್ತಾರವಾಗಿ ಹೇಳಿತು: ಸಾಕ್ಷಿಗೆ ಕನಿಷ್ಠ ವಯಸ್ಸು ಎಂಬುದಿಲ್ಲ, ಹೇಳಿಕೊಟ್ಟದ್ದೋ ಅಲ್ಲವೋ ಎಚ್ಚರದಿಂದ ನೋಡಿ, ಅಲ್ಲವಾದರೆ ನಂಬಿ. ಏಳು ವರ್ಷದ ಹುಡುಗಿಯ ಸಾಕ್ಷಿಯನ್ನು ಪಕ್ಕಕ್ಕಿಟ್ಟು ಹೈಕೋರ್ಟು ಬಿಡುಗಡೆ ಮಾಡಿದ್ದ ಕೊಲೆ ಮೊಕದ್ದಮೆ ಅದು. ಘಟನೆ ನಡೆದದ್ದು 2003ರಲ್ಲಿ. ಏಳರಲ್ಲಿ ಕಂಡದ್ದು ನಿಜ ಎಂದು ಆಕೆಗೆ ತಿಳಿಸುವ ಹೊತ್ತಿಗೆ ಆಕೆಗೆ ಇಪ್ಪತ್ತೆಂಟರ ಆಸುಪಾಸು.

ಮೇಲಿನ ಕೋರ್ಟು ಸಾಕ್ಷಿಯ ಮುಖ ನೋಡುವುದಿಲ್ಲ, ಕಾಗದ ಓದುತ್ತದೆ. ಅದಕ್ಕೇ ಸುಪ್ರೀಂ ಕೋರ್ಟು ತನ್ನ ಮೊದಲ ವರ್ಷದಲ್ಲೇ, 1951ರ ವರದಿಗಳಲ್ಲಿ ಸಿಗುವ ಸರ್ಜು ಪರ್ಷಾದ್ ಪ್ರಕರಣದಲ್ಲಿ, ಒಂದು ಸಭ್ಯತೆ ಹೇಳಿಕೊಟ್ಟಿತು: ಯಾರ ಮಾತು ನಂಬಬೇಕು ಎಂಬುದೇ ತಕರಾರಾಗಿದ್ದರೆ, ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶನ ಅಭಿಪ್ರಾಯವನ್ನು ವಿಶೇಷ ಕಾರಣವಿಲ್ಲದೆ ತಳ್ಳಿಹಾಕಬಾರದು. ಚೆಂದದ ಮಾತು. ಆದರೆ ಆ ಕಾಗದಕ್ಕೆ ಸಾಕ್ಷಿಯ ಮಾತು ಇಳಿಯುವಾಗ ಏನಾಗುತ್ತದೆ ನೋಡಿ. ಹೈದ ಗೋಲಿಯ ಲೆಕ್ಕದಲ್ಲಿ ಹೇಳಿದ ದೂರ, ಯಾರೇ ಅಳೆದರೂ ಹತ್ತು ಹನ್ನೆರಡು ಹೆಜ್ಜೆ ದಾಟದ ದೂರ, ದಾಖಲೆಯಲ್ಲಿ ಆದದ್ದು ಹೀಗೆ: "ನಾನು ಎಷ್ಟು ದೂರದಲ್ಲಿದ್ದೆನೆಂದು ಮೀಟರುಗಳಲ್ಲಿ ಹೇಳಲಾರೆ." ಮೇಲಿನ ಕೋರ್ಟಿಗೆ ಹೋದದ್ದು ಈ ಹುಡುಗ. ಕೆಳಗಿನ ಕೋರ್ಟಿನಲ್ಲಿ ನಿಂತಿದ್ದವನು ಬೇರೆ.

ಈ ದಾರಿ ನಮ್ಮವರಿಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಹನೂರು ಅದರೊಳಗೇ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಪಕ್ಕದಲ್ಲೇ ಇದ್ದರೂ ಮೈಸೂರು. ಅರ್ಧ ದಿನ ನಡೆದರೆ ತಲಪುವ ಎರಡು ಊರು, ಎರಡು ಹೈಕೋರ್ಟು. ಆಗಿನಿಂದಲೂ ನಮ್ಮ ಮಾತು ಯಾವುದಾದರೊಂದು ದೂರದ ಊರಿಗೆ ಹೋಗಿ ಬೇರೆ ಮಾತಾಗಿ ಕೂತು ವಾಪಸು ಬರುತ್ತಲೇ ಇದೆ.

ದೊಡ್ಡ ಸಾಕ್ಷಿ ಇರಲಿಲ್ಲವೇ? ಇದ್ದಳು. ಪಾರ್ಕಿನ ಗೇಟಿನ ಹತ್ತಿರ ಕಡ್ಲೆಕಾಯಿ ಮಾರುವಾಕೆ. ಮಗು ಬಿದ್ದಾಗ ಓಡಿಬಂದು ಎತ್ತಿದವಳು, ಸೆರಗು ಹರಿದು ಕೈಗೆ ಕಟ್ಟಿದವಳು, ಆಟೋ ಕೂಗಿದವಳು ಅವಳೇ. ಕೋರ್ಟಿನಲ್ಲಿ ಮಾತ್ರ "ನಾ ಅತ್ತಾಗೆ ತಿರುಗ್ಕಂಡಿದ್ದಿ ಬುದ್ಧಿ, ಏನೂ ನೋಡ್ನಿಲ್ಲ" ಎಂದಳು. ಪ್ರತಿಕೂಲ ಸಾಕ್ಷಿ ಎಂದು ಬರೆದುಕೊಂಡರು. ಅವಳ ಗಾಡಿ ನಿಲ್ಲುವ ಆರಡಿ ಜಾಗ ಯಾರ ಕೃಪೆಯಲ್ಲಿದೆ ಎಂಬುದನ್ನು ಯಾರೂ ಬರೆದುಕೊಳ್ಳಲಿಲ್ಲ. ಹರಿದ ಸೆರಗಿನ ತುಂಡು ಆಸ್ಪತ್ರೆಯಲ್ಲಿ ಕಸಕ್ಕೆ ಹೋಗಿತ್ತು, ಇಲ್ಲದಿದ್ದರೆ ನಿಶಾನೆ ಪಿ-7 ಆಗುತ್ತಿತ್ತು.

ಹುಡುಗನ ಮೇಲೂ ಆರೋಪವಿದೆ. ಆತ "ಸಹಭಾಗಿ ನಿರ್ಲಕ್ಷ್ಯ" ತೋರಿದ್ದಾನಂತೆ, ಮೆಟ್ಟಿಲನ್ನು ಪರೀಕ್ಷಿಸದೆ ಕಾಲಿಟ್ಟಿದ್ದಾನಂತೆ. ಏಳು ತುಂಬದ ಮಗು ಏನೇ ಮಾಡಿದರೂ ಅಪರಾಧವಾಗದು ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 20ನೇ ಕಲಂ. ಆರು ವರ್ಷದವನು ಕೊಲೆ ಮಾಡಲಾರ, ಕಳವು ಮಾಡಲಾರ. ವೆಲ್ಡಿಂಗ್ ತಪಾಸಣೆ ಮಾಡದೆ ಬಿಟ್ಟ ತಪ್ಪನ್ನು ಮಾತ್ರ ಮಾಡಬಲ್ಲ. ಗ್ಲಾಸ್ಗೋದ ಸಸ್ಯೋದ್ಯಾನದಲ್ಲಿ ಏಳು ವರ್ಷದ ಹುಡುಗನೊಬ್ಬ ಚೆರ್ರಿಯ ಹಾಗೆ ಕಂಡ ವಿಷದ ಹಣ್ಣು ತಿಂದು ಸತ್ತಾಗ ಅಲ್ಲಿನ ನಗರಾಡಳಿತ ತನ್ನ ಹೊಣೆಯಿಲ್ಲವೆಂದು ವಾದಿಸಿ ನೋಡಿತು. 1922ರ ವರದಿಯಲ್ಲಿರುವಂತೆ ಬ್ರಿಟನ್ನಿನ ಲಾರ್ಡ್‌ಗಳ ಸಭೆ, ಮಕ್ಕಳ ಕಣ್ಣು ಸೆಳೆಯುವಂಥದ್ದನ್ನು ಬೇಲಿಯಿಲ್ಲದೆ, ಎಚ್ಚರಿಕೆಯಿಲ್ಲದೆ ಇಟ್ಟವರು ವಿಚಾರಣೆ ಎದುರಿಸಲೇಬೇಕು ಎಂದಿತು. ನಮ್ಮ ಪಾರ್ಕಿನಲ್ಲಿ ಎಚ್ಚರಿಕೆಯ ಬೋರ್ಡಿದೆ: "ಪೋಷಕರ ಉಸ್ತುವಾರಿಯಲ್ಲೇ ಆಟವಾಡತಕ್ಕದ್ದು. ಅವಘಡಗಳಿಗೆ ಸಂಸ್ಥೆ ಹೊಣೆಯಲ್ಲ." ಬೋರ್ಡು ಮುಟ್ಟಿದವರ ಬೆರಳಿಗೆ ಬಣ್ಣ ಅಂಟುತ್ತಿತ್ತು ಎಂದು ಅಪ್ಪ ಹೇಳಿದ. ಅಪ್ಪ ಹಿತಾಸಕ್ತ ಸಾಕ್ಷಿ, ನಂಬಲಾಗದು.

ಈಗ ಈ ಮೇಲ್ಮನವಿಯ ಕಿರೀಟಕ್ಕೆ ಬರೋಣ. ಕೆಳ ನ್ಯಾಯಾಲಯದಲ್ಲಿ ಸಂಸ್ಥೆ ಒಂದೇ ಒಂದು ತಪಾಸಣಾ ದಾಖಲೆಯನ್ನೂ ಹಾಜರುಪಡಿಸಿರಲಿಲ್ಲ. ಮೇಲ್ಮನವಿಯಲ್ಲಿ ದಿಢೀರನೆ ಒಂದು ರಿಜಿಸ್ಟರ್ ಬಂತು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41, ನಿಯಮ 27ರ ಪ್ರಕಾರ ಹೊಸ ಸಾಕ್ಷ್ಯ ತರಬೇಕಾದರೆ, ತಕ್ಕ ಶ್ರದ್ಧೆಯಿಂದ ಪ್ರಯತ್ನಿಸಿದರೂ ಮೊದಲು ತರಲಾಗಿರಲಿಲ್ಲ ಎಂದು ತೋರಿಸಬೇಕು. ಹಾಗಾಗಿ ಸಂಸ್ಥೆ ಅಫಿಡವಿಟ್ ಹಾಕಿತು: ಸದರಿ ರಿಜಿಸ್ಟರ್ ಬೀರುವಿನ ಹಿಂದೆ ಬಿದ್ದುಹೋಗಿತ್ತು, ಎಷ್ಟು ಹುಡುಕಿದರೂ ವರ್ಷಗಟ್ಟಲೆ ಸಿಕ್ಕಿರಲಿಲ್ಲ. ನಾವು ನಿರ್ಲಕ್ಷ್ಯದವರಲ್ಲ ಎಂದು ತೋರಿಸುವ ದಾಖಲೆಯನ್ನು ಕಳೆದುಕೊಂಡಿದ್ದೆವು ಎಂದು ಪ್ರಮಾಣ ಮಾಡಿ ಹೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಆ ರಿಜಿಸ್ಟರನ್ನು ಕಣ್ಣಿಗೊತ್ತಿಕೊಳ್ಳಬೇಕು. ತಿಂಗಳಿಗೊಂದು ನಮೂದು. "ಜಾರುಬಂಡೆ: ಸುಸ್ಥಿತಿಯಲ್ಲಿದೆ. ಉಯ್ಯಾಲೆ: ಸುಸ್ಥಿತಿಯಲ್ಲಿದೆ." ಒಂದೇ ಇಂಕು, ಒಂದೇ ಕೈ, ಒಂದೇ ವಾಲು. ಎಲ್ಲಿಯೂ ಹೊಡೆದುಹಾಕಿದ್ದಿಲ್ಲ, ಮಳೆಗಾಲದಲ್ಲಿ ಪುಟ ಒದ್ದೆಯಾದ ಗುರುತಿಲ್ಲ, ಟೀ ಲೋಟದ ಉಂಗುರವಿಲ್ಲ. ಚುನಾವಣೆಯ ಫಲಿತಾಂಶದ ದಿನವೂ ತಪಾಸಣೆ ನಡೆದಿದೆ. ಹುಡುಗ ಬಿದ್ದ ತಿಂಗಳೂ "ಸುಸ್ಥಿತಿಯಲ್ಲಿದೆ", ಅದರ ಮುಂದಿನ ತಿಂಗಳೂ. ಜೊತೆಗೆ ಕಾನೂನಿನ ಆಶೀರ್ವಾದವೂ ಇದೆ. ಸರ್ಕಾರಿ ಕೆಲಸಗಳು ಕ್ರಮವಾಗಿಯೇ ನಡೆದಿವೆ ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತಿತ್ತು ಹಳೆಯ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನ ದೃಷ್ಟಾಂತ. ಹೊಸ ಅಧಿನಿಯಮದ 119ರಲ್ಲೂ ಆ ಮಾತು ಹಾಗೇ ಉಳಿದಿದೆ. ಭಾವಿಸಬಹುದು ಎಂದಿದೆ, ಭಾವಿಸಲೇಬೇಕು ಎಂದಿಲ್ಲ. ಆದರೆ ಗೋಲಿ ಆಡುವವರು ಕ್ರಮವಾಗಿಯೇ ನೋಡಿದ್ದಾರೆ ಎಂದು ಭಾವಿಸಬಹುದಾದ ದೃಷ್ಟಾಂತ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನನ್ನ ತಕರಾರು ಇಷ್ಟೇ. ನಿಜವಾಗಿ ನಡೆದದ್ದನ್ನು ಕಂಡವರ ಮಾತು ಅಂಕುಡೊಂಕು. ಮೂರು ಎನ್ನುತ್ತಾರೆ, ನಾಲ್ಕು ಎನ್ನುತ್ತಾರೆ, ಅಂಗಿಯ ಬಣ್ಣ ಮರೆಯುತ್ತಾರೆ. ನಡೆಯದೇ ಇದ್ದದ್ದನ್ನು ಬರೆದವರ ಕಾಗದ ಮಾತ್ರ ನೆಟ್ಟಗಿರುತ್ತದೆ. ಪಾಟೀಸವಾಲಿನ ವಿದ್ಯೆಯೆಲ್ಲ ಅಂಕುಡೊಂಕಿನ ಮೇಲೆ ಖರ್ಚಾಗಿ, ನೆಟ್ಟಗಿದ್ದದ್ದು ನಿಶಾನೆ ಆಗಿ ಕಡತ ಸೇರುತ್ತದೆ.

ಮನುಷ್ಯರನ್ನು ಬಿಟ್ಟು ಬಿದ್ದ ವಸ್ತುವನ್ನೇ ಕೇಳಿದ ನ್ಯಾಯಾಲಯಗಳೂ ಇವೆ. ದೆಹಲಿಯ ಚಾಂದನಿ ಚೌಕದಲ್ಲಿ 1951ರಲ್ಲಿ ಪುರಸಭೆಯ ಗಂಟೆಗೋಪುರ ಕುಸಿದು ಜನ ಸತ್ತರು. ಕಟ್ಟಡಕ್ಕೆ 80 ವರ್ಷ, ಅದರ ಗಾರೆಯ ಆಯುಸ್ಸು 40-45 ವರ್ಷ. ಪುರಸಭೆಯ ವಾದ ಏನೇ ಇರಲಿ, ಕುಸಿದದ್ದೇ ಕತೆ ಹೇಳುತ್ತದೆ ಎಂದು ಸುಪ್ರೀಂ ಕೋರ್ಟು 1966ರಲ್ಲಿ ಸುಭಗವಂತಿ ಪ್ರಕರಣದಲ್ಲಿ ತೀರ್ಪಿತ್ತಿತು. ಗೋಪುರ ಪ್ರತಿಕೂಲ ಸಾಕ್ಷಿಯಾಗುವುದಿಲ್ಲ, ಅದಕ್ಕೆ ಗಾಡಿ ನಿಲ್ಲಿಸಲು ಜಾಗ ಬೇಕಿಲ್ಲ. 2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟದ ಮೈದಾನದ ಕಬ್ಬಿಣದ ಗೇಟು ಕಳಚಿ ಬಿದ್ದು ಬಾಲಕನೊಬ್ಬ ತೀರಿಕೊಂಡಾಗಲೂ, ಗೇಟು ಹೇಗಿತ್ತೆಂದು ಹೇಳಲು ಗೇಟಿಗಿಂತ ಬೇರೆಯವರು ಬೇಕಿರಲಿಲ್ಲ.

ಮೇಲ್ಮನವಿಯೇ ಬೇಡವೆಂದರೆ ಅದೂ ಅನ್ಯಾಯ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ ಎಂಟು ವರ್ಷದ ಹುಡುಗ ಶಾಲೆಯ ಅಂಗಳದಲ್ಲಿ ಓಡುತ್ತ ಎಡವಿ ಕಲ್ಲಿನ ಗೋಡೆಗೆ ತಲೆ ಬಡಿದುಕೊಂಡಾಗ ಕೆಳ ನ್ಯಾಯಾಲಯ ಗೋಡೆಯನ್ನೇ ಅಪಾಯಕಾರಿ ಎಂದಿತು, 1970ರ ವರದಿಯಲ್ಲಿರುವಂತೆ ಮೇಲಿನ ಕೋರ್ಟು ಗೋಡೆ ಗೋಡೆಯ ಹಾಗೆಯೇ ಇದೆ ಎಂದು ಬಿಟ್ಟಿತು. ಅದು ಒಪ್ಪತಕ್ಕ ಮಾತೇ. ಲಂಡನ್ನಿನ ಸಟನ್ನಿನಲ್ಲಿ ಹದಿನಾಲ್ಕರ ಹುಡುಗ ನಗರಾಡಳಿತ ಎರಡು ವರ್ಷ ಕೊಳೆಯಲು ಬಿಟ್ಟಿದ್ದ ಹಳೆಯ ದೋಣಿಯಡಿ ಸಿಕ್ಕಿ ನಡ ಮುರಿದುಕೊಂಡ. ಮೊದಲ ಕೋರ್ಟು ಕೊಟ್ಟಿತು, ಎರಡನೆಯದು ಕಿತ್ತುಕೊಂಡಿತು, 2000ದಲ್ಲಿ ಮೂರನೆಯದು ಮರಳಿ ಕೊಟ್ಟಿತು. ನಮ್ಮಲ್ಲೂ ಹಾಗೆಯೇ. 2006ರ ಡಿಸೆಂಬರಿನಲ್ಲಿ ಬೆಂಗಳೂರಿನ ಶಾಲೆಯೊಂದರ ಉತ್ತರ ಭಾರತ ಪ್ರವಾಸಕ್ಕೆ ಹೋಗಿದ್ದ ಹದಿನಾಲ್ಕರ ಹುಡುಗಿಗೆ ಮೆದುಳಿನ ಸೋಂಕು ತಗಲಿತು, ಮೇಲ್ವಿಚಾರಣೆಯ ಲೋಪ ರುಜುವಾತಾಯಿತು. ರಾಜ್ಯ ಗ್ರಾಹಕರ ಆಯೋಗ 88,73,798 ರೂಪಾಯಿ ಎಂದಿತು, ರಾಷ್ಟ್ರೀಯ ಆಯೋಗ 50 ಲಕ್ಷ ಸಾಕು ಎಂದಿತು, ಸುಪ್ರೀಂ ಕೋರ್ಟು ಮೊದಲಿನದನ್ನೇ ಉಳಿಸಿತು. ಮೊತ್ತ ಏರಿಳಿ ಆಡುತ್ತಿದ್ದಷ್ಟು ವರ್ಷವೂ ಆ ಹುಡುಗಿಯ ಸ್ಥಿತಿ ಒಂದೇ.

ನಮ್ಮ ಮೊಕದ್ದಮೆಗೆ ವಾಪಸು ಬಂದರೆ, ಮೂರನೆಯದೋ ನಾಲ್ಕನೆಯದೋ ಎಂಬುದನ್ನು ಖುದ್ದು ನೋಡಿ ಬರಲಿ ಎಂದು ಮೇಲಿನ ಕೋರ್ಟು ಒಬ್ಬ ಕಮಿಷನರನ್ನು ನೇಮಿಸಿತು. ಕಿರಿಯ ವಕೀಲರು, ಟೇಪು ಹಿಡಿದು, ಎರಡೂ ಕಡೆಯವರಿಗೆ ನೋಟಿಸು ಕೊಟ್ಟು, ಪಂಚರನ್ನು ಕರೆದುಕೊಂಡು ಪಾರ್ಕಿಗೆ ಹೋದರು. ಜಾರುಬಂಡೆ ಇರಲಿಲ್ಲ. ಆ ಜಾಗದಲ್ಲಿ ದೊಡ್ಡವರು ಸೊಂಟ ತಿರುಗಿಸುವ ಓಪನ್ ಜಿಮ್ ನಿಂತಿತ್ತು, ಅದಕ್ಕೂ ಒಂದು ಹೊಸ ಕರಿಕಲ್ಲಿನ ಫಲಕ. ಹಳೆಯದು ಗುಜರಿಗೆ ಹರಾಜಾಯಿತೆಂದು ತೋಟದ ಮಾಲಿ ಹೇಳಿದ, ಹರಾಜಿನ ಕಡತ ಎಲ್ಲಿ ಎಂದರೆ ಬೀರುವಿನ ಹಿಂದೆ ನೋಡಬೇಕು ಎಂದರು ಕಚೇರಿಯವರು. ಕಮಿಷನರ್ ವರದಿ: "ಸ್ಥಳದಲ್ಲಿ ಯಾವುದೇ ಮೆಟ್ಟಿಲುಗಳು ಇರುವುದಿಲ್ಲ. ಆದ್ದರಿಂದ ಎಷ್ಟನೆಯದು ಎಂಬ ಪ್ರಶ್ನೆ ಉದ್ಭವಿಸುವುದಿಲ್ಲ." ಮರುದಿನವೇ ಮೇಲ್ಮನವಿಗೆ 24ನೇ ಕಾರಣ ಸೇರಿತು: ಇಲ್ಲದ ಮೆಟ್ಟಿಲಿನಿಂದ ಯಾರೂ ಬೀಳಲು ಸಾಧ್ಯವಿಲ್ಲ.

ಹುಡುಗನ ವಕೀಲರೂ ಕಡಿಮೆಯವರಲ್ಲ. ಮೂಲೆಯಲ್ಲಿ ಇನ್ನೂ ಗಟ್ಟಿಯಾಗಿ ನಿಂತಿರುವ ಹಳೆಯ ಫಲಕವನ್ನೇ ಸಾಕ್ಷ್ಯವಾಗಿ ಗುರುತಿಸಬೇಕೆಂದು ಅರ್ಜಿ ಹಾಕಿದರು. "ಮಕ್ಕಳ ಆಟದ ಸಾಧನಗಳ ಲೋಕಾರ್ಪಣೆ" ಎಂದು ಅದರ ಮೇಲೆ ತಾರೀಖಿನ ಸಮೇತ ಕೆತ್ತಿದೆ, ಕೆಳಗೆ ಹದಿನಾಲ್ಕು ಹೆಸರಿವೆ. ಅರ್ಜಿಗೆ ಆಕ್ಷೇಪಣೆ ಬಂದಿದೆ. ಅದರಲ್ಲಿ ಹೆಸರಿಸಿರುವ ಹದಿನಾಲ್ಕೂ ಮಂದಿಗೂ ಸದರಿ ಜಾರುಬಂಡೆಗೂ ಯಾವುದೇ ಸಂಬಂಧವಿರುವುದಿಲ್ಲವಂತೆ.